ಹೆಬ್ಬೆರಳಿನ ಪಾಲು

ಹೊರಾಪೆ ಬಂದರಿನ ಮೀನು ಕಾರ್ಖಾನೆಯಲ್ಲಿ ನೆಸ್ತಾ ಕತ್ತಿ ಎತ್ತಿದಳೆಂದರೆ, ತಾನು ಬಿಚ್ಚಿಹೋದ ಸುದ್ದಿ ಮೀನಿಗೆ ತಿಳಿಯುವುದು ಡಬ್ಬಿಯೊಳಗೆ ಕೂತ ಮೇಲೆಯೇ. ಬೆಂದ ಟ್ಯೂನಾ ಬಲಗಡೆಯಿಂದ ಬೆಲ್ಟಿನ ಮೇಲೆ ಬರುತ್ತದೆ. ನಾಲ್ಕು ಹೋಳಾಗಿ ಎಡಗಡೆಯ ತಟ್ಟೆಗೆ ಬೀಳುತ್ತದೆ. ನಡುವೆ ಏನಾಯಿತೆಂದು ಕಂಡ ಮನುಷ್ಯ ಸೊಲೊಮನ್ ದ್ವೀಪಗಳಲ್ಲಿ ಹುಟ್ಟಿಲ್ಲ. ಮೀನಿನ ಮೇಲೆ ಕೂರಲು ಹೊರಟ ನೊಣ, ಅರ್ಧ ದಾರಿಯಲ್ಲೇ ಮೀನು ಮಾಯವಾದದ್ದು ಕಂಡು, ಹೋಗಿ ಮೊಫಾಟನ ಮೂಗಿನ ಮೇಲೆ ಕೂರುತ್ತದೆ. ಮೊಫಾಟ್ ಸೂಪರ್‌ವೈಸರ್. ಅವನ ಮೂಗು ಎಲ್ಲಿಗೂ ಮಾಯವಾಗುವುದಿಲ್ಲ. ಸದಾ ಯಾವಳಾದರೊಬ್ಬಳ ಹೆಗಲ ಮೇಲೇ ಇರುತ್ತದೆ.

ಹತ್ತೊಂಬತ್ತು ವರ್ಷದಿಂದ ನೆಸ್ತಾ ಆ ಮೇಜಿನ ಮುಂದೆ ನಿಂತಿದ್ದಾಳೆ. ಕೂತಿಲ್ಲ. ಆ ಹಾಲಿನಲ್ಲಿ ಇನ್ನೂರ ನಲವತ್ತು ಹೆಂಗಸರು, ಇನ್ನೂರ ನಲವತ್ತು ಕತ್ತಿ, ಒಂದು ಕುರ್ಚಿ. ಅದು ಮೊಫಾಟನದು. ಕಾಲಡಿ ತಣ್ಣೀರು, ಮುಖಕ್ಕೆ ಬಿಸಿ ಹಬೆ. ಸೊಂಟದಿಂದ ಕೆಳಗೆ ಚಳಿಗಾಲ, ಮೇಲೆ ಬೇಸಿಗೆ. ಮೀನಿನ ರಸ ಇಳಿದು ಮೊಳಕೈವರೆಗೆ ತುರಿಕೆ. ಮೂಳೆ ಚುಚ್ಚಿದ ಬೆರಳು ರಾತ್ರಿ ಬೆಳಗಾಗುವುದರೊಳಗೆ ಬದನೆಕಾಯಿ. ಉಚ್ಚೆಗೆ ಹೋಗಬೇಕೆಂದರೆ ಮೊಫಾಟನ ಕೈಯಿಂದ ಕೆಂಪು ಬಿಲ್ಲೆ ಇಸಿದುಕೊಳ್ಳಬೇಕು. ಮೇಜಿಗೆ ಒಂದೇ ಬಿಲ್ಲೆ. ಮೇಜಿಗೆ ಇಪ್ಪತ್ತು ಹೆಂಗಸರು. ಮೈಗಂಟಿದ ವಾಸನೆಗೆ ಸಾಬೂನು ಸೋತು ಕಾಲಿಗೆ ಬೀಳುತ್ತದೆ. ಭಾನುವಾರ ಚರ್ಚಿನಲ್ಲಿ ಕಾರ್ಖಾನೆಯ ಹೆಂಗಸರಿಗೆ ಹಿಂದಿನ ಬೆಂಚು. ಹಾಗೆಂದು ಯಾರೂ ಬಾಯಿಬಿಟ್ಟು ಹೇಳಿಲ್ಲ. ಮುಂದಿನ ಬೆಂಚಿನವರು ಕರವಸ್ತ್ರ ಮೂಗಿಗಿಟ್ಟುಕೊಂಡು ಹೇಳಿದ್ದಾರೆ.

ನೆಸ್ತಾ ಅಲ್ಲಿಯವಳಲ್ಲ. ಎರಡು ರಾತ್ರಿ ಹಡಗಿನ ದಾರಿ, ಮಲೈತಾ ದ್ವೀಪದ ಲಂಗಲಂಗ ಹಿನ್ನೀರಿನವಳು. ಅವಳ ಹಿರಿಯರು ನೀರಿನೊಳಗಿಂದ ಹವಳದ ಕಲ್ಲು ಎತ್ತಿ, ಪೇರಿಸಿ, ತಾವೇ ದ್ವೀಪ ಕಟ್ಟಿಕೊಂಡವರು. ದೇವರು ಆರು ದಿನದಲ್ಲಿ ಜಗತ್ತು ಮಾಡಿದನಂತೆ. ನೆಸ್ತಾಳ ಮುತ್ತಜ್ಜಂದಿರು ದೇವರ ಮೇಲೆ ನಂಬಿಕೆ ಸಾಲದೆ ತಮ್ಮ ನೆಲ ತಾವೇ ಮಾಡಿಕೊಂಡರು. ಈಗ ಆ ದ್ವೀಪವೂ ಕೈಬಿಡುತ್ತಿದೆ. ಸಮುದ್ರ ಏರಿದೆ. ಹುಣ್ಣಿಮೆಯ ಉಬ್ಬರಕ್ಕೆ ಒಲೆಯೊಳಗೆ ಮೀನು ಈಜುತ್ತದೆ. ಕೆಲಸ ಬಿಟ್ಟು ಊರಿಗೆ ಹೋಗುತ್ತೇನೆ ಎಂದರೆ ಊರಿರಬೇಕಲ್ಲ.

ಕತ್ತಿ ಹಿಡಿಯುವುದನ್ನು ಕಲಿಸಿದ್ದು ಅಜ್ಜಿ ಉಕಾ. ಅಜ್ಜಿಯಿಂದ ನೆಸ್ತಾಗೆ ಬಂತು. ನೆಸ್ತಾಳಿಂದ ಕಾರ್ಖಾನೆಗೆಲ್ಲ ಹೋಯಿತು. ಹೊಸಬಳು ಯಾವ ದ್ವೀಪದವಳೇ ಇರಲಿ, ಮೊದಲ ಮೂರು ತಿಂಗಳು ನೆಸ್ತಾಳ ಪಕ್ಕದಲ್ಲಿ ನಿಲ್ಲಬೇಕು. ಅದು ಮೊಫಾಟನ ಕಾನೂನು. ಅಲ್ಲಿ ನಿಂತು ಕಲಿಯದವಳು ಆ ಹಾಲಿನಲ್ಲಿ ಇರಲಿಲ್ಲ.

ಹೀಗಿರುವಾಗ ಕೈಗವಸು ಬಂತು.

ತಂದವನು ಸೊಮ್‌ಸಾಕ್, ಬ್ಯಾಂಕಾಕಿನ ಇಂಜಿನಿಯರ್. ತೆಳ್ಳಗಿನ ಹುಡುಗಾಟದ ಮನುಷ್ಯ. ಬಂದ ಎರಡೇ ತಿಂಗಳಲ್ಲಿ ದ್ವೀಪಗಳ ಬೆರಕೆ ಮಾತು ಪಿಜಿನ್ ಕಲಿತು, ಮೂರನೆಯ ತಿಂಗಳಲ್ಲಿ ಅದರಲ್ಲಿ ಬೈಯುವುದನ್ನೂ ಕಲಿತಿದ್ದ. ಕೈಗವಸು ಹಾವಿನ ಪೊರೆಯಷ್ಟು ತೆಳು. ಗೆಣ್ಣುಗೆಣ್ಣಿಗೆ ಒಂದೊಂದು ಹಸಿರು ಚುಕ್ಕಿ. ಮೊಫಾಟ್ ಎಲ್ಲರ ಮುಂದೆ ನೆಸ್ತಾಳ ಕೈ ಹಿಡಿದು ಮೇಲೆತ್ತಿದ.

"ನೋಡ್ರಮ್ಮಾ, ಇಡೀ ಪೆಸಿಫಿಕ್ಕಿನಾಗೆ ಇಂಥ ಕೈ ಇನ್ನೊಂದಿಲ್ಲ. ಕಂಪನಿಯೋರು ಇದನ್ನ ಆರ್ಸವ್ರೆ."

"ಕೈನ ಆರ್ಸುದ್ರೋ, ನನ್ನ ಆರ್ಸುದ್ರೋ?" ಎಂದಳು ನೆಸ್ತಾ.

"ಕೈ ಬಂದ್ಮೇಲೆ ನೀನೂ ಬರಲೇಬೇಕಲ್ಲಕ್ಕಾ."

ಹೆಂಗಸರು ನಕ್ಕರು. ನೆಸ್ತಾಳೂ ನಕ್ಕಳು. ಸುಳ್ಳೇಕೆ, ಅವಳಿಗೆ ಹಿಗ್ಗಾಯಿತು. ಹತ್ತೊಂಬತ್ತು ವರ್ಷದಲ್ಲಿ ಮೊದಲ ಸಲ ಆ ಕೈಯನ್ನು ಒಬ್ಬರು ಮೂಗು ಮುಚ್ಚಿಕೊಳ್ಳದೆ ಹಿಡಿದಿದ್ದರು. ಕಾಗದ ತಂದರು. ಇಂಗ್ಲಿಷಿನಲ್ಲಿತ್ತು. ಮೀನಿನ ರಸದ ಕೈಯಲ್ಲೇ ಹೆಬ್ಬೆಟ್ಟು ಒತ್ತಿದಳು. ಕಾಗದಕ್ಕೆ ಎಣ್ಣೆ ಜಿಡ್ಡು ಹತ್ತಿ ಅಕ್ಷರಗಳೆಲ್ಲ ಹೊಳೆದವು.

ಓದಿದ್ದು ಜೆಸ್ಲಿನ್. ನೆಸ್ತಾಳ ಅಣ್ಣನ ಮಗಳು, ಒಂಬತ್ತನೆಯ ತರಗತಿವರೆಗೆ ಕಲಿತವಳು, ಅದೇ ಮೇಜಿನವಳು. ಗಂಡ ಹಣ್ಣು ಕೀಳಲು ಆಸ್ಟ್ರೇಲಿಯಾಕ್ಕೆ ಹೋದವನು ಅಲ್ಲೇ ಯಾವುದೋ ಗಿಡಕ್ಕೆ ಹಣ್ಣಾಗಿ ಅಂಟಿಕೊಂಡು, ಫೋನು ಮಾಡುವುದನ್ನೇ ಬಿಟ್ಟಿದ್ದ. ಎರಡು ಮಕ್ಕಳು. ಮಧ್ಯಾಹ್ನದ ಬಿಡುವಿನಲ್ಲಿ ಮರಗೆಣಸು ಕಚ್ಚುತ್ತ ಜೆಸ್ಲಿನ್ ಕಾಗದದ ನಕಲನ್ನು ಎರಡು ಸಲ ಓದಿದಳು. ಅಗಿಯುವುದನ್ನು ನಿಲ್ಲಿಸಿದಳು.

"ಅತ್ತೆ, ಇದ್ರಾಗೆ ಏನೈತೆ ಗೊತ್ತಾ? ಕೆಲ್ಸದ ಹೊತ್ನಾಗೆ ನಿನ್ನ ಕೈ ಹೆಂಗೆಂಗೆ ಆಡ್ತದೋ ಆ ಆಟ ಎಲ್ಲ ಕಂಪನೀದು ಅಂತೆ. ಯಾವತ್ತಿಗೂ."

"ಕೈ ನಂದೇ ತಾನೆ?"

"ಕೈ ನಿಂದೆ. ಅದು ಆಡೋದು ಅವ್ರದು."

ಅಲ್ಲೇ ಕೂತಿದ್ದ ಸೊಮ್‌ಸಾಕ್ ಹೆಂಗಸರು ಕೊಟ್ಟ ಮರಗೆಣಸನ್ನು ತೆಂಗಿನಹಾಲಿಗೆ ಅದ್ದಿಕೊಂಡು ತಿನ್ನುತ್ತಿದ್ದ. ಅವನಿಗೆ ಮುಚ್ಚಿಡುವುದು ಗೊತ್ತಿರಲಿಲ್ಲ.

"ಒಳ್ಳೇದೇ ಅಲ್ವೇನಮ್ಮಾ?" ಎಂದ. "ಶೀತಲ ಕೋಣೆ ಹಿಂದೆ ಮರದ ಪೆಟ್ಟಿಗೆ ಇದ್ಯಲ್ಲ, ಅದ್ರಲ್ಲಿ ಉಕ್ಕಿನ ಕೈ ಇದೆ. ನಿಮ್ಮ ಕೈ ಮಾಡಿದ್ದನ್ನೆಲ್ಲ ಅದು ಕಲಿಯುತ್ತೆ. ಕಲಿತ ಮೇಲೆ ನೀವೆಲ್ಲ ಆರಾಮಾಗಿ ಮನೇಲಿರಬಹುದು."

ಇನ್ನೂರ ನಲವತ್ತು ಬಾಯಲ್ಲಿ ಇನ್ನೂರ ನಲವತ್ತು ತುತ್ತು ಹಾಗೇ ನಿಂತಿತು. ನುಂಗಿದ್ದು ಸೊಮ್‌ಸಾಕ್ ಒಬ್ಬನೇ.

ಆ ಸಂಜೆಯಿಂದ ಕಾರ್ಖಾನೆಯ ಸಾಲುಮನೆಗಳಲ್ಲಿ ನೆಸ್ತಾಳ ಹಾಸಿಗೆಯ ಅಕ್ಕಪಕ್ಕ ಯಾರೂ ಕೂರಲಿಲ್ಲ. ನೀರಿನ ನಲ್ಲಿಯ ಹತ್ತಿರ ಒಬ್ಬಳು ಬಕೆಟ್ ಕುಕ್ಕಿ ಹೇಳಿದಳು: "ರಾಣಿ ಬಂದ್ಲು, ಜಾಗ ಬುಡ್ರೇ. ಅವಳ ಕೈ ಮೀನು ಕುಯ್ದದ್ದು ಸಾಲದೆ ನಮ್ಮ ಮಕ್ಕಳ ಹೊಟ್ಟೇನೂ ಕುಯ್ಯಾಕೆ ಕಲ್ತದೆ." ಅವಳಿಗೆ ಕತ್ತಿ ಹಿಡಿಯಲು ಕಲಿಸಿದ್ದೂ ನೆಸ್ತಾಳೇ. ನೆಸ್ತಾ ನೀರು ಹಿಡಿದುಕೊಂಡು ಬಂದಳು.

ಮರುದಿನ ಕೈ ನಿಧಾನ ಮಾಡಿದಳು. ಹಸಿರು ಚುಕ್ಕಿಗಳು ಕೆಂಪಾದವು. ಮೇಜಿನ ಮೇಲಿನ ದೀಪವೂ ಕೆಂಪಾಯಿತು. ಇಡೀ ಮೇಜಿನ ಊಟದ ಬಿಡುವು ಕತ್ತರಿಸಿಹೋಯಿತು. ಇಪ್ಪತ್ತು ಹೆಂಗಸರು ಹಸಿದುಕೊಂಡು ನಿಂತರು. ಅದರ ಮರುದಿನ ಹುಷಾರಿಲ್ಲವೆಂದಳು. ಮೊಫಾಟ್ ಡಾಕ್ಟರನ್ನು ಸಾಲುಮನೆಗೇ ಕರೆತಂದ. ಡಾಕ್ಟರು ಕೈಯೊಂದನ್ನೇ ಪರೀಕ್ಷೆ ಮಾಡಿ, ಕೈ ಚೆನ್ನಾಗಿದೆ ಎಂದು ಬರೆದ. ಮಿಕ್ಕ ಮೈಯನ್ನು ಕೇಳಿದವರಿಲ್ಲ. ಮಾಡಿದರೆ ಇನ್ನೂರ ನಲವತ್ತು ಮನೆ ಹಾಳು. ಮಾಡದಿದ್ದರೆ ಇಪ್ಪತ್ತು ಹೊಟ್ಟೆ ಇವತ್ತೇ ಖಾಲಿ. ಬಲೆಗೆ ಬಿದ್ದ ಮೀನಾದರೂ ಬಾಲ ಬಡಿಯುತ್ತದೆ. ಇವಳು ಬಾಲ ಬಡಿದದ್ದನ್ನೂ ಕೈಗವಸು ಬರೆದುಕೊಳ್ಳುತ್ತಿತ್ತು.

ಮಾಡಿದಳು. ನಾಲ್ಕು ತಿಂಗಳು ಮಾಡಿದಳು. ಹಾಗೆಂದು ಬರೆಯುವುದು ಕಷ್ಟ, ಆದರೆ ಮಾಡಿದಳು.

ಉಕ್ಕಿನ ಕೈಯ ಪರೀಕ್ಷೆಯ ದಿನ ಸಿಂಗಾಪುರದಿಂದ ಇಬ್ಬರು ದೊಡ್ಡವರು ಬಂದರು. ಬಿಳಿ ಕೋಟು, ಬಿಳಿ ಟೋಪಿ, ಮೂಗಿಗೆ ಪುದೀನ ಎಣ್ಣೆ. ಹೆಂಗಸರನ್ನೆಲ್ಲ ಗೋಡೆಗೆ ಸಾಲಾಗಿ ನಿಲ್ಲಿಸಿದರು. ಉಕ್ಕಿನ ಕೈ ಎರಡಾಳೆತ್ತರ ಇತ್ತು. ಸೊಮ್‌ಸಾಕ್ ಗುಂಡಿ ಒತ್ತಿದ. ಮೀನು ಬಂತು. ಕೈ ಇಳಿಯಿತು. ಅದು ನೆಸ್ತಾಳೇ. ಅದೇ ಓರೆ, ಅದೇ ಎಳೆತ, ಕತ್ತಿಯನ್ನು ಒಳಗಿಳಿಸುವ ಮುಂಚೆ ಮೀನನ್ನು ಒಂದು ಕ್ಷಣ ಅಂಗೈಯಲ್ಲಿ ತೂಗುವ ಅದೇ ರೀತಿ. ನೆಸ್ತಾಳ ಮೈಯೆಲ್ಲ ಕಳಚಿ ಎಸೆದು ಕೈಯೊಂದನ್ನು ಅಲ್ಲಿ ನೇತುಹಾಕಿದ ಹಾಗಿತ್ತು.

ನಾಲ್ಕು ಹೋಳು ತಟ್ಟೆಗೆ ಬಿದ್ದವು. ಮತ್ತೆ, ಪಟ್ ಎಂದು, ಹುರುಳಿಕಾಳಿಗಿಂತ ತುಸು ದೊಡ್ಡ ಮಾಂಸದ ತುಣುಕೊಂದು ಹಾರಿ ಮೊಫಾಟನ ಹಣೆಗೆ ಅಂಟಿತು.

ಎರಡನೆಯ ಮೀನು. ಪಟ್. ಮೊಫಾಟನ ಎಡಗಿವಿ.

"ಏನಿದು?" ಎಂದರು ದೊಡ್ಡವರು. ಮೂರನೆಯದು ಕೇಳಿದವರ ಬಾಯಿಗೇ ಹೋಯಿತು.

ಸೊಮ್‌ಸಾಕ್ ಗುಂಡಿ ಹುಡುಕುವುದರೊಳಗೆ ಉಕ್ಕಿನ ಕೈಗೆ ಹುರುಪು ಬಂದಿತ್ತು. ಪಟ್, ಪಟ್, ಪಟ್. ಕನ್ನಡಕಗಳು ಮುಚ್ಚಿಹೋದವು. ಬಿಳಿ ಟೋಪಿಗಳು ಕಂದಾದವು. ಕಿಟಕಿಯಿಂದ ಹಾರಿದ ತುಣುಕಿಗೆ ಬಂದರಿನ ನಾಯಿಗಳೆಲ್ಲ ಬಂದು ನೆರೆದವು, ಪಕ್ಕದ ದ್ವೀಪದ ನಾಯಿಗಳು ಈಜಿಕೊಂಡು ಬಂದವು. ಗೋಡೆಗೆ ನಿಂತ ಹೆಂಗಸರು ಏಪ್ರನ್ನು ಬಾಯಿಗೆ ತುರುಕಿಕೊಂಡರು. ನೆಸ್ತಾ ಒಬ್ಬಳು ನಗಲಿಲ್ಲ. ಅವಳು ಆ ಉಕ್ಕಿನ ಹೆಬ್ಬೆರಳನ್ನೇ ನೋಡುತ್ತಿದ್ದಳು.

ಅರ್ಧ ಗಂಟೆಯಲ್ಲಿ ಅವಳನ್ನು ಆಫೀಸಿಗೆ ಕರೆದರು. ಗಂಬೂಟು ಹೊರಗೆ ಬಿಡಿಸಿದರು. ಸಿಮೆಂಟಿನ ಮೇಲೆ ಬರಿಗಾಲಲ್ಲಿ ನಿಲ್ಲಿಸಿದರು. ಗೋಡೆಯ ಪರದೆ ಮೇಲೆ ಅವಳದೇ ಕೈ, ಅವಳೆಂದೂ ಕಾಣದಷ್ಟು ನಿಧಾನವಾಗಿ. ಕತ್ತಿ ಮೀನಿನ ಕತ್ತಿನ ಹಿಂದೆ ಇಳಿಯಿತು. ಹೆಬ್ಬೆರಳು ಅಲ್ಲಿಂದ ಒಂದು ಚೂರು ಮಾಂಸ ಎತ್ತಿತು. ಎತ್ತಿ, ಚಿಮ್ಮಿ, ಮೇಜಿನಡಿಯ ಚರಂಡಿಗೆ ಹಾಕಿತು. ಆಮೇಲೆ ಮೀನು ಬಿಚ್ಚಿಕೊಂಡಿತು.

"ಪ್ರತಿ ಮೀನಿಗೂ," ಎಂದ ಮೊಫಾಟ್. ಅವನ ಹುಬ್ಬಿನಲ್ಲಿ ಇನ್ನೂ ಒಂದು ತುಣುಕಿತ್ತು. "ಹತ್ತೊಂಬತ್ತು ವರ್ಷದಿಂದ ಕಂಪನಿ ಮೀನು ಕದ್ದು ಚರಂಡಿಗೆ ಹಾಕ್ತಿದ್ದೀಯಲ್ಲಮ್ಮಿ, ನಿನಗೇನು ಬಂದಿತ್ತು?"

"ನಾನು ಹಂಗೆ ಮಾಡಲ್ಲ."

"ಮಾಡ್ತಾ ಇರೋದು ಎದುರಿಗೆ ಕಾಣ್ತಾ ಐತೆ."

"ಮಾಡಲ್ಲ," ಎಂದಳು ನೆಸ್ತಾ ಮತ್ತೆ. ನಿಜವಾಗಿ ಅವಳಿಗೆ ಗೊತ್ತಿರಲಿಲ್ಲ. ಪರದೆ ಮೇಲೆ ಹೆಬ್ಬೆರಳು ಮತ್ತೆ ಎದ್ದಿತು. ಆಗ ಗುರುತು ಹತ್ತಿತು. ಅದು ಅವಳ ಹೆಬ್ಬೆರಳಲ್ಲ. ಅಜ್ಜಿ ಉಕಾಳದು. ಕಲ್ಲಿನ ದ್ವೀಪದ ಅಂಚಿನಲ್ಲಿ ಕುಕ್ಕರುಗಾಲಲ್ಲಿ ಕೂತು, ಮೀನು ಬಿಚ್ಚುವ ಮುಂಚೆ ಕತ್ತಿನ ಹಿಂದಿನ ಚೂರನ್ನು ನೀರಿಗೆ ಚಿಮ್ಮುತ್ತಿದ್ದ ಮುದುಕಿ. ಅವರ ಕುಲಕ್ಕೆ ಶಾರ್ಕ್ ಹಿರಿಯ. ಸತ್ತ ದೊಡ್ಡವರು ಅದರೊಳಗೆ ಹೋಗಿ ಸೇರುತ್ತಾರೆ. "ಮೊದ್ಲು ಅವನ ಪಾಲು ಅವನಿಗೆ. ಕೊಡದೆ ಬಿಚ್ಚುದ್ರೆ ಮೀನು ಬಿಚ್ಚಿಕೊಳ್ಳಲ್ಲ ಕಣೆ ಕೂಸೆ." ಅಜ್ಜಿ ಸತ್ತು ಮೂವತ್ತು ವರ್ಷ. ನೆಸ್ತಾ ಚರ್ಚಿಗೆ ಹೋಗುತ್ತಾಳೆ. ಶಾರ್ಕನ್ನು ಮರೆತಿದ್ದಳು. ಹೆಬ್ಬೆರಳು ಮರೆತಿರಲಿಲ್ಲ. ಆ ಚರಂಡಿ ಸೀದಾ ಸಮುದ್ರಕ್ಕೆ ಬೀಳುತ್ತದೆ. ಅಲ್ಲಿ ಸದಾ ಶಾರ್ಕುಗಳು ಸುತ್ತುತ್ತವೆ. ರಕ್ತದ ವಾಸನೆಗೆ ಎಂದು ಎಲ್ಲರೂ ತಿಳಿದಿದ್ದರು.

ಹೇಳಿದಳು. ಹೇಳಬಾರದಿತ್ತು. ಸಿಂಗಾಪುರದವರು ಕಣ್ಣಲ್ಲಿ ನೀರು ಬರುವ ಹಾಗೆ ನಕ್ಕರು. ಮೊಫಾಟ್ ಅವರಿಗಿಂತ ಜೋರಾಗಿ ನಕ್ಕ. ಅವನ ಅಜ್ಜಿಯದೂ ಮೊಸಳೆಯ ಕುಲವೇ ಎಂಬುದು ಅಲ್ಲಿದ್ದವರಿಗೆ ಗೊತ್ತಿರಲಿಲ್ಲ.

"ಆ ಒಂದು ಆಟ ಅಳಿಸಿಬಿಡು," ಎಂದರು ಸೊಮ್‌ಸಾಕನಿಗೆ.

ಸೊಮ್‌ಸಾಕ್ ತಲೆ ಕೆರೆದುಕೊಂಡ. "ಅಳಿಸಿ ನೋಡಿದೆ ಸಾರ್. ಚಿಮ್ಮಿ ವಾಪಸ್ ಬರುವಾಗಲೇ ಅವರ ಹೆಬ್ಬೆರಳು ಬೆನ್ನುಮೂಳೆಯ ಸಂದಿಗೆ ಕೂರುತ್ತೆ. ಅದರಿಂದಲೇ ಮೂಳೆ ಇಡಿಯಾಗಿ ಎದ್ದು ಬರೋದು. ಅದನ್ನ ತೆಗೆದರೆ ಮೂಳೆ ಪುಡಿಯಾಗಿ ಮಾಂಸದಲ್ಲಿ ಉಳಿಯುತ್ತೆ. ಅವರೇ ಬೇರೆ ಥರ ಮಾಡಿ ತೋರಿಸಬೇಕು."

ಮೊಫಾಟ್ ನೀಲಿ ಟೇಪು ತಂದ. ಪೆಟ್ಟಿಗೆ ಅಂಟಿಸುವ ಟೇಪು. ನೆಸ್ತಾಳ ಹೆಬ್ಬೆರಳನ್ನು ಅಂಗೈಗೆ ಮಡಿಸಿ, ಸುತ್ತ ನಾಲ್ಕು ಸುತ್ತು ಹಾಕಿದ. ಅದರ ಮೇಲೆ ಕೈಗವಸು ಎಳೆದ.

"ಈಗ ಹೆಂಗೆ ಚಿಮ್ತದೆ ನೋಡಾನ."

ಹೆಬ್ಬೆರಳಿಲ್ಲದ ಕೈ ಕೈಯಲ್ಲ, ಸೌಟು. ಮೊದಲ ಮೀನು ಮುದ್ದೆಯಾಯಿತು. ಎರಡನೆಯದು ಕೈಯಿಂದ ಜಾರಿ ಕಾಲ ಮೇಲೆ ಬಿತ್ತು. ಬಂದರಿನ ಅತಿ ಚುರುಕಿನ ಕತ್ತಿ ಮಧ್ಯಾಹ್ನದೊಳಗೆ ಅತಿ ಮೊಂಡು ಕತ್ತಿಯಾಯಿತು. ಮೊಫಾಟ್ ಹಿಂದೆ ನಿಂತು ಲೆಕ್ಕ ಕೂಗುತ್ತಿದ್ದ. ಹೊಸದಾಗಿ ಸೇರಿದ ಹುಡುಗಿಯರು ತಲೆ ತಗ್ಗಿಸಿದರು. ಮೂರು ಗಂಟೆಗೆ ಕತ್ತಿ ಜಾರಿ ತೋರುಬೆರಳಿನ ಬುಡಕ್ಕೆ ಇಳಿಯಿತು. ರಕ್ತ ಕೈಗವಸಿನೊಳಗೇ ತುಂಬಿತು. ಹಸಿರು ಚುಕ್ಕಿಗಳು ಹಸಿರಾಗಿಯೇ ಇದ್ದವು. ರಕ್ತ ಅವುಗಳ ಲೆಕ್ಕದಲ್ಲಿರಲಿಲ್ಲ.

ನೆಸ್ತಾ ಇನ್ನೊಂದು ಕೈಯಿಂದ ಕತ್ತಿಯ ತುದಿಯನ್ನು ಕೈಗವಸಿನೊಳಗೆ ತೂರಿಸಿದಳು. ಮಣಿಕಟ್ಟಿನಿಂದ ಬೆರಳವರೆಗೆ ಒಂದೇ ಎಳೆತ. ಮೀನಿನ ಚರ್ಮ ಸುಲಿದ ಹಾಗೆ ಕೈಗವಸೂ ಟೇಪೂ ಒಟ್ಟಿಗೆ ಸುಲಿದು ಬಂದವು. ಎರಡನ್ನೂ ಚರಂಡಿಗೆ ಹಾಕಿದಳು.

"ಏಯ್! ಅದರ ಬೆಲೆ ಗೊತ್ತಾ ನಿನಗೆ?"

"ಹಲ್ಲಿಗೆ ಸಿಕ್ಕದೆ ಇರ್ಲಿ ನಮ್ಮ ಶಾರ್ಕಜ್ಜಂಗೆ," ಎಂದಳು ನೆಸ್ತಾ.

ಹೊರಗೆ ಹಾಕಲಿಲ್ಲ. ಕಾಗದ ಇತ್ತಲ್ಲ, ಕೈ ಇನ್ನೂ ಕಂಪನಿಯದು. ಬೆಕ್ಕಿನ ಡಬ್ಬಿಯ ಕೋಣೆಗೆ ದಬ್ಬಿದರು. ಬಿಳಿಯ ಮಾಂಸ ಹೊರದೇಶದ ಮನುಷ್ಯರಿಗೆ, ಕಪ್ಪು ಮಾಂಸ ಹೊರದೇಶದ ಬೆಕ್ಕುಗಳಿಗೆ. ಆ ಕಪ್ಪು ಮಾಂಸ ಕೆರೆಯುವ ಕೋಣೆಗೆ ಕಿಟಕಿಯಿಲ್ಲ. ಅಲ್ಲಿಯ ನಾತಕ್ಕೆ ಹಲ್ಲಿ ಸಹ ಗೋಡೆ ಬಿಟ್ಟು ಓಡಿಹೋಗಿದೆ. ಗಾಯಕ್ಕೆ ಬಟ್ಟೆ ಸುತ್ತಿಕೊಂಡು ನೆಸ್ತಾ ಅಲ್ಲಿ ಕೆರೆದಳು.

ಕಂಪನಿಗೇನು, ಪೆಟ್ಟಿಗೆಯಲ್ಲಿ ಇನ್ನೂ ನಲವತ್ತು ಕೈಗವಸಿದ್ದವು. ಒಂದು ಕೈ ಕೆಟ್ಟರೆ ನಲವತ್ತು ಕೈ. ಹಾಕಿಕೊಳ್ಳದವಳಿಗೆ ಸಂಜೆಯ ಹಡಗು. ಮೊದಲ ಕೈಗವಸು ಜೆಸ್ಲಿನಳಿಗೆ ಬಂತು. ಆ ಸಂಜೆ ಅವಳು ಬೆಕ್ಕಿನ ಕೋಣೆಯ ಬಾಗಿಲಿಗೆ ಬಂದು ನಿಂತಳು. ಒಳಗೆ ಬರಲಿಲ್ಲ.

"ಅತ್ತೆ, ನಾನು ಹಾಕ್ಕೊಂಡೆ."

ನೆಸ್ತಾ ಕೆರೆಯುತ್ತಲೇ ಇದ್ದಳು.

"ಬೈಯಾರ ಬೈಯಿ ಅತ್ತೆ. ಸುಮ್ನಿರಬೇಡ."

"ಮಕ್ಳು ಉಂಡ್ವಾ?"

"ಉಂಡ್ವು."

"ಮತ್ತೇನು ಬೈಯ್ಲಿ. ಹೋಗು, ಕೈ ತೊಳ್ಕೋ."

ಜೆಸ್ಲಿನ್ ಅಲ್ಲೇ ಅತ್ತಳು. ನೆಸ್ತಾ ಹತ್ತಿರ ಹೋಗಿ ಸಮಾಧಾನ ಮಾಡಲಿಲ್ಲ. ಅವಳ ಕೈ ಮೊಳಕೈವರೆಗೆ ಕಪ್ಪಾಗಿತ್ತು.

ಎಂಟನೆಯ ದಿನ ಸೊಮ್‌ಸಾಕ್ ಓಡಿಬಂದ. ಮುಖ ಬೂದಿಯಾಗಿತ್ತು. ನಡೆದದ್ದಿಷ್ಟು. ಜೆಸ್ಲಿನಳ ಕೈಯನ್ನು ಪರದೆ ಮೇಲೆ ನಿಧಾನವಾಗಿ ನೋಡಿದರೆ, ಹೆಬ್ಬೆರಳು ಎದ್ದು, ಚೂರು ಎತ್ತಿ, ಚರಂಡಿಗೆ ಚಿಮ್ಮಿತು. ಅದೇ ಕುಲ, ಇರಲಿ ಎಂದುಕೊಂಡರು. ಎರಡನೆಯವಳು ಚೊಯ್ಸೆಲ್ ದ್ವೀಪದವಳು. ಅವಳ ಕುಲಕ್ಕೆ ಶಾರ್ಕೂ ಇಲ್ಲ, ಸೀಗಡಿಯೂ ಇಲ್ಲ. ಅವಳ ಹೆಬ್ಬೆರಳೂ ಚಿಮ್ಮಿತು. ಮೂರನೆಯವಳು ಪಾದ್ರಿಯ ಮಗಳು. ಚಿಮ್ಮಿತು. ನಲವತ್ತು ಕೈ, ನಲವತ್ತು ಚಿಮ್ಮು. ಒಬ್ಬಳಿಗೂ ಗೊತ್ತಿರಲಿಲ್ಲ. ಮೂರು ಮೂರು ತಿಂಗಳು ಯಾರ ಪಕ್ಕದಲ್ಲಿ ನಿಂತು ಕಲಿತರೋ ಅವಳ ಕೈ ಅವರ ಕೈಯೊಳಗೆ ಹೋಗಿ ಕೂತಿತ್ತು. ದಿನಕ್ಕೆ ಅರವತ್ತು ಸಾವಿರ ಚೂರು ಆ ಚರಂಡಿಯಿಂದ ಸಮುದ್ರಕ್ಕೆ ಇಳಿಯುತ್ತಿತ್ತು. ಹೊರಾಪೆಯ ಶಾರ್ಕುಗಳಷ್ಟು ಕೊಬ್ಬಿದ ಶಾರ್ಕು ಬೇರೆ ಕಡಲಲ್ಲಿ ಇರಲಾರದು. ಅವು ಈಜುವುದು ಬಿಟ್ಟು ಉರುಳುತ್ತವೆ.

ಹಿಂದೆಯೇ ಮೊಫಾಟ್ ಬಂದ. ಬೆಕ್ಕಿನ ಕೋಣೆಯ ಒಳಗೇ ಬಂದ. ಮೂಗು ಮುಚ್ಚಿಕೊಳ್ಳಲಿಲ್ಲ. ಅದರಲ್ಲೇ ನೆಸ್ತಾಗೆ ಅರ್ಧ ತಿಳಿಯಿತು.

"ಅಕ್ಕಾ," ಎಂದ. ಅಮ್ಮಿ ಹೋಗಿ ಮತ್ತೆ ಅಕ್ಕ ಬಂದಿತ್ತು. "ನೀನೇ ಕಲಿಸಿದ್ದು. ನೀನೇ ಮರೆಸು. ಬರೀ ಒಂದು ತಿಂಗಳು ಎಲ್ಲರ ಪಕ್ಕದಾಗೆ ನಿಂತ್ಕೊಂಡು ಆ ಹೆಬ್ಬೆರಳಿನ ಚಾಳಿ ಬುಡ್ಸು. ನೀನು ಹೇಳುದ್ರೆ ಅವ್ರ ಕೈ ಕೇಳ್ತವೆ. ನಿನಗೆ ಟ್ರೈನರ್ ಕೆಲ್ಸ. ಆಫೀಸ್ನಾಗೆ. ಫ್ಯಾನು, ಕುರ್ಚಿ."

"ಕುರ್ಚಿ?"

"ತಿರುಗೋ ಕುರ್ಚಿ ಅಕ್ಕಾ."

ನೆಸ್ತಾಳ ಕಾಲು ಹತ್ತೊಂಬತ್ತು ವರ್ಷದಿಂದ ನಿಂತಿತ್ತು. ನರಗಳು ಹಗ್ಗದ ಹಾಗೆ ಗಂಟುಕಟ್ಟಿದ್ದವು. ಕುರ್ಚಿ ಎಂಬ ಮಾತು ಕೇಳಿದ್ದಕ್ಕೇ ಮಂಡಿ ಒಂದಿಷ್ಟು ಬಾಗಿತು. ಅದು ಅವಳಿಗೇ ಗೊತ್ತಾಗಿ ನಾಚಿಕೆಯಾಯಿತು.

"ಮರೆಸಿದ ಮೇಲೆ ಪೆಟ್ಟಿಗೇಲಿರೋ ಕೈ ಏನು ಮಾಡ್ತದೆ?" ಎಂದು ಸೊಮ್‌ಸಾಕನನ್ನು ಕೇಳಿದಳು.

ಸೊಮ್‌ಸಾಕ್ ನೆಲ ನೋಡಿದ. "ಎಲ್ಲಾ ಮಾಡುತ್ತಮ್ಮಾ," ಎಂದ. ಮುಚ್ಚಿಡುವುದನ್ನು ಅವನು ಇನ್ನೂ ಕಲಿತಿರಲಿಲ್ಲ.

"ಮೊಫಾಟ್, ಕೇಳು. ಕಲಿಸೋದು ನನಗೆ ಬತ್ತದೆ. ಮರೆಸೋದನ್ನ ನಮ್ಮಜ್ಜಿ ಹೇಳಿಕೊಡಲಿಲ್ಲ."

"ಯೋಚ್ನೆ ಮಾಡಕ್ಕಾ. ಮೀನು ಹಂಗೇ ಹಡಗು ಹತ್ತಿ ಬೇರೆ ದೇಶಕ್ಕೆ ಹೋಯ್ತದೆ. ಇಲ್ಲಿ ಗೇಟಿಗೆ ಬೀಗ."

"ಮರೆಸುದ್ರೂ ಬೀಗ, ಮರೆಸದಿದ್ರೂ ಬೀಗ. ನನ್ನ ಕೈಲೇ ಯಾಕಪ್ಪಾ ಹಾಕಿಸ್ತೀಯ? ನಿನಗೆ ಕೈ ಇಲ್ವಾ?"

ಮರುದಿನ ಬೆಳಗ್ಗೆ ನೀಲಿ ಟೇಪಿನ ಹನ್ನೆರಡು ಪೆಟ್ಟಿಗೆ ಒಡೆದರು. ಬಾಗಿಲಲ್ಲಿ ಒಬ್ಬೊಬ್ಬಳನ್ನೇ ನಿಲ್ಲಿಸಿ ಹೆಬ್ಬೆರಳು ಮಡಿಸಿ ಸುತ್ತಿದರು. ಇನ್ನೂರ ನಲವತ್ತು ಹೆಬ್ಬೆರಳು. ಬಸುರಿಯರದು, ಮುದುಕಿಯರದು, ನಿನ್ನೆ ಸೇರಿದವಳದು. ನಲವತ್ತು ಜನಕ್ಕೆ ಟೇಪಿನ ಮೇಲೆ ಕೈಗವಸೂ ಎಳೆದರು. ನೆಸ್ತಾಳನ್ನೂ ಬೆಕ್ಕಿನ ಕೋಣೆಯಿಂದ ಎಳೆತಂದು, ಗಾಯದ ಬಟ್ಟೆಯ ಮೇಲೇ ಟೇಪು ಸುತ್ತಿ, ಮೊದಲ ಮೇಜಿನ ಮೊದಲ ಜಾಗದಲ್ಲಿ ನಿಲ್ಲಿಸಿದರು. ಎಲ್ಲರಿಗೂ ಕಾಣಲಿ ಎಂದು. ಮೊಫಾಟ್ ಹಾಲಿನ ನಡುವೆ ನಿಂತು ಹೊರಗಿನ ಕಾವಲುಗಾರನಿಗೆ ಕೂಗಿ ಹೇಳಿದ: "ಚಿಲಕ ಹಾಕಯ್ಯ. ಇವತ್ತಿನ ಮೀನು ಮುಗಿಯೋಗಂಟ ಯಾವನು ಬಂದು ಕೇಳುದ್ರೂ ತೆಗಿಬೇಡ. ನಾನೇ ಕೇಳುದ್ರೂ ತೆಗಿಬೇಡ."

ಇಲ್ಲಿಯವರೆಗೆ ಹೇಳಿದ್ದರಲ್ಲಿ ಅಲ್ಲಲ್ಲಿ ಉಪ್ಪುಖಾರ ಬಿದ್ದಿರಬಹುದು. ಇನ್ನು ಮುಂದಿನದಕ್ಕೆ ಬಿದ್ದಿಲ್ಲ.

ಬೆಲ್ಟು ಹೊರಟಿತು. ಮೊದಲ ಮೀನು ನೆಸ್ತಾಳ ಮುಂದೆ ಬಂತು. ಅವಳು ಕತ್ತಿಯನ್ನು ಮೇಜಿನ ಮೇಲಿಟ್ಟಳು. ಮೀನು ಮುಂದೆ ಹೋಯಿತು.

ಜೆಸ್ಲಿನಳ ಮುಂದೆ ಬಂತು. ಜೆಸ್ಲಿನ್ ಕತ್ತಿ ಎತ್ತಿದಳು. ಅತ್ತೆಯನ್ನು ನೋಡಲಿಲ್ಲ. ಮಡಿಸಿದ ತನ್ನ ಕೈಯನ್ನು ನೋಡಿಕೊಂಡಳು. ಬಹಳ ಹೊತ್ತು ನೋಡಿದಳು. ಅಷ್ಟರಲ್ಲಿ ಮೀನು ತಾನಾಗಿಯೇ ದಾಟಿಹೋಗಿತ್ತು. ಅವಳೂ ಕತ್ತಿ ಕೆಳಗಿಟ್ಟಳು.

ನಲ್ಲಿಯ ಹತ್ತಿರ ಬೈದಿದ್ದವಳು ಇಟ್ಟಳು. ಪಾದ್ರಿಯ ಮಗಳು ಇಟ್ಟಳು. ಕತ್ತಿ ಇಡುವ ಸದ್ದು ಮೇಜಿನಿಂದ ಮೇಜಿಗೆ ಹೋಯಿತು. ಬೆಲ್ಟಿನ ಕೊನೆಯಲ್ಲಿ ಮೊದಲ ಮೀನು ಇಡಿಯಾಗಿ ನೆಲಕ್ಕೆ ಬಿತ್ತು. ಅದರ ಮೇಲೆ ಎರಡನೆಯದು.

ಕೈಗವಸುಗಳೆಲ್ಲ ಕೆಂಪಾದವು.

"ಕತ್ತಿ ಎತ್ತಿ!" ಎಂದ ಮೊಫಾಟ್. ಮೇಜಿಂದ ಮೇಜಿಗೆ ಓಡಿದ. ಒಬ್ಬಳ ಕೈ ಹಿಡಿದು ಕತ್ತಿ ತುರುಕಿದ. ಹೆಬ್ಬೆರಳಿಲ್ಲದ ಕೈಯಲ್ಲಿ ಕತ್ತಿ ನಿಲ್ಲಲಿಲ್ಲ. ಬಿತ್ತು.

ನೆಸ್ತಾ ಟೇಪಿನ ತುದಿಯನ್ನು ಹಲ್ಲಿನಲ್ಲಿ ಕಚ್ಚಿದಳು. ಎಳೆದಳು. ಗಾಯ ಮತ್ತೆ ಬಿಚ್ಚಿಕೊಂಡಿತು. ಹಾಲಿನ ತುಂಬ ಕೈಗವಸು ಕೀಳುವ, ಟೇಪು ಹರಿಯುವ ಸದ್ದು. ನೆಸ್ತಾ ಮುಂದೆ ಬಂದ ಮೀನಿನ ಕತ್ತಿನ ಹಿಂದೆ ಹೆಬ್ಬೆರಳು ಊರಿ ಒಂದು ಚೂರು ಎತ್ತಿದಳು. ಈ ಸಲ ನಿಧಾನವಾಗಿ, ನೋಡಿಕೊಂಡು, ಗೊತ್ತಿದ್ದು. ಚರಂಡಿಗೆ ಚಿಮ್ಮಿದಳು. ಮೀನನ್ನು ಬಿಚ್ಚಲಿಲ್ಲ. ಹಾಗೇ ಬಿಟ್ಟಳು. ಜೆಸ್ಲಿನ್ ಚಿಮ್ಮಿದಳು. ಬಿಚ್ಚಲಿಲ್ಲ. ಇನ್ನೂರ ನಲವತ್ತು ಹೆಂಗಸರು ಪಾಲು ಕೊಟ್ಟರು. ಒಂದು ಮೀನೂ ಬಿಚ್ಚಲಿಲ್ಲ.

ಮೀನಿನ ರಾಶಿ ಮಂಡಿಯೆತ್ತರಕ್ಕೆ ಬಂತು. ಹಬೆ ಹೆಚ್ಚಿತು. ಒಬ್ಬಳು ಬಿಲ್ಲೆ ಕೇಳದೆ ಮೂಲೆಗೆ ಹೋಗಿ ಕೂತು ಉಚ್ಚೆ ಹೊಯ್ದಳು. ಯಾರೂ ಮುಖ ತಿರುಗಿಸಲಿಲ್ಲ.

ಮೊಫಾಟ್ ಬಾಗಿಲಿಗೆ ಓಡಿ ಎರಡೂ ಕೈಯಿಂದ ಬಡಿದ.

"ತೆಗಿಯಯ್ಯ! ನಾನು ಕಣಯ್ಯ, ಮೊಫಾಟ್!"

ಹೊರಗಿಂದ ಕಾವಲುಗಾರನ ದನಿ ಬಂತು. "ಮೀನು ಮುಗೀತಾ ಸಾರ್?"

ಮೊಫಾಟ್ ಹಿಂತಿರುಗಿ ರಾಶಿ ನೋಡಿದ. ಇನ್ನೂರ ನಲವತ್ತು ಮುಖ ಅವನನ್ನು ನೋಡಿದವು. ಯಾರೂ ಹತ್ತಿರ ಬರಲಿಲ್ಲ, ಯಾರೂ ದಾರಿ ಬಿಡಲಿಲ್ಲ.

ನೆಸ್ತಾ ಮೇಜು ಬಿಟ್ಟು ನಡೆದಳು. ಹಾಲಿ​ನ ನಡುವೆ ಆ ಒಂದು ಕುರ್ಚಿ ಖಾಲಿಯಿತ್ತು. ಅದರ ಬೆನ್ನಿಗೆ ರಕ್ತದ ಕೈ ಇಟ್ಟಳು. ಬೆಲ್ಟು ಓಡುತ್ತಲೇ ಇತ್ತು. ಬಾಗಿಲು ತೆರೆಯಲಿಲ್ಲ.

ಹತ್ತೊಂಬತ್ತು ವರ್ಷದ ಮೇಲೆ ನೆಸ್ತಾ ಕೂತಳು.